ಮಲಬದ್ಧತೆ: ಕಾಲ್ಮಣೆ ಮೊದಲು, ಚೂರ್ಣದ ಡಬ್ಬಿ ಕೊನೆಗೆ

ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋಗುವುದಷ್ಟೇ ಮಲಬದ್ಧತೆಯಲ್ಲ. ದಿನಾ ಹೋದರೂ ಕುರಿಹಿಕ್ಕೆಯಂಥ ಗಟ್ಟಿ ಉಂಡೆ, ತಿಣುಕಾಟ, ಎದ್ದು ಬಂದ ಮೇಲೂ ‘ಇನ್ನೂ ಉಳಿದಿದೆ’ ಅನ್ನಿಸುವುದು, ಇವೂ ಅದೇ. ಎರಡು ದಿನಕ್ಕೊಮ್ಮೆ ಹೋದರೂ ಮೆತ್ತಗೆ, ಸಲೀಸಾಗಿ ಆಗುತ್ತಿದ್ದರೆ ಚಿಕಿತ್ಸೆಯೇ ಬೇಡ. ದಿನಾ ಆಗಲೇಬೇಕೆಂಬ ಹಟದಿಂದಲೇ ಎಷ್ಟೋ ಜನ ಚೂರ್ಣಕ್ಕೆ ಬೀಳುತ್ತಾರೆ.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಬೆಳಗ್ಗೆ ಎದ್ದಾಗ ಮತ್ತು ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ತಿಂಡಿ, ಕಾಫಿ ಆದ 15ರಿಂದ 30 ನಿಮಿಷದೊಳಗೆ ಹೋಗಿ ಕುಳಿತುಕೊಳ್ಳಿ, ಒತ್ತಡ ಬರದಿದ್ದರೂ. ದಿನವೂ ಅದೇ ಹೊತ್ತು. ಬಂದ ಒತ್ತಡವನ್ನು ಮಾತ್ರ ತಡೆಯಬೇಡಿ: ತಡೆದಷ್ಟು ಹೊತ್ತೂ ಕರುಳು ಮಲದಿಂದ ನೀರು ಹೀರುತ್ತಲೇ ಇರುತ್ತದೆ, ಅದು ಕಲ್ಲಾಗುತ್ತದೆ. ಶಾಲೆಯ ಶೌಚಾಲಯ ಕೊಳಕೆಂದು ಸಂಜೆವರೆಗೆ ಕಟ್ಟಿಕೊಳ್ಳುವ ಮಕ್ಕಳಲ್ಲಿ ಸಮಸ್ಯೆ ಶುರುವಾಗುವುದು ಹೀಗೆ.

ಆಮೇಲೆ ಕೂರುವ ರೀತಿ. ಗುದದ್ವಾರದ ಮೇಲ್ಭಾಗದಲ್ಲಿ ಒಂದು ಸ್ನಾಯು ಕುಣಿಕೆಯಂತೆ ಕರುಳನ್ನು ಮುಂದಕ್ಕೆ ಎಳೆದು ಬಾಗಿಸಿ ಹಿಡಿದಿರುತ್ತದೆ. ಕುಕ್ಕರಗಾಲಲ್ಲಿ ಕುಳಿತಾಗ ಅದು ಸಡಿಲವಾಗಿ ದಾರಿ ನೇರವಾಗುತ್ತದೆ. ಕಮೋಡ್ ಮೇಲೆ ಕುರ್ಚಿಯಲ್ಲಿ ಕುಳಿತಂತೆ ಕುಳಿತರೆ ಪೂರ್ತಿ ಬಿಡುವುದಿಲ್ಲ. ಹಾಗಾಗಿ ಕಾಲ ಕೆಳಗೆ ಏಳೆಂಟು ಅಂಗುಲ ಎತ್ತರದ ಸ್ಟೂಲ್ ಇಡಿ. ಊಟದ ಮಣೆ ಸಾಲದು, ತಗ್ಗಾಯಿತು. ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು. ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ, ಹೊಟ್ಟೆ ಉಬ್ಬಿಸಿ, ಬಾಯಿಂದ ನಿಧಾನ ಉಸಿರು ಬಿಡುತ್ತ ಕೆಳಗೆ ತಳ್ಳಿ. ಉಸಿರು ಕಟ್ಟಿ ಮುಕ್ಕಿದರೆ ಹಲವರಿಗೆ ಆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಮೂಲವ್ಯಾಧಿಗೂ ದಾರಿಯಾಗುತ್ತದೆ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ. ಮೊಬೈಲ್ ಹೊರಗೇ ಇರಲಿ.

ನಾರು ದಿನಕ್ಕೆ 25ರಿಂದ 30 ಗ್ರಾಂ ಬೇಕು. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಇರುವುದು 3 ಗ್ರಾಂ ಆಸುಪಾಸು. ಅಷ್ಟೇ ರಾಗಿಯಲ್ಲಿ ಸುಮಾರು 11. ಆದರೆ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದರೆ ಆ ಲಾಭ ತೌಡಿನ ಜೊತೆ ಹೋಗುತ್ತದೆ. ಹುರುಳಿ, ಅವರೆ, ಸೊಪ್ಪಿನ ಸಾರು, ಸೀಬೆಹಣ್ಣು ದಿನದ ಊಟಕ್ಕೆ ಸೇರಲಿ. ಎಲ್ಲವನ್ನೂ ಒಂದೇ ದಿನ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಿ ‘ನನಗೆ ಒಗ್ಗಲ್ಲ’ ಎಂದು ಬಿಟ್ಟುಬಿಡುತ್ತೀರಿ. ಎರಡು ಮೂರು ವಾರದಲ್ಲಿ ಮೆಲ್ಲಗೆ ಏರಿಸಿ.

ಊಟದಿಂದ ಸಾಲದಿದ್ದರೆ ಇಸಬ್‌ಗೋಲ್. ಒಂದು ಚಮಚ ಹೊಟ್ಟನ್ನು 250 ಮಿ.ಲೀ. ನೀರಿಗೆ ಕಲಸಿ, ಅಂಟಾಗುವ ಮೊದಲೇ ಕುಡಿಯಿರಿ. ಮೇಲೆ ಇನ್ನೊಂದು ಲೋಟ ನೀರು. ವಾರದ ನಂತರ ಎರಡು ಚಮಚಕ್ಕೆ ಏರಿಸಬಹುದು. ಬೇರೆ ಮಾತ್ರೆಗಳಿಗೆ ಎರಡು ಗಂಟೆ ಅಂತರ ಕೊಡಿ. ನೀರು ಕಡಿಮೆಯಾದರೆ ಅದೇ ಕರುಳಲ್ಲಿ ಗಂಟಾಗುತ್ತದೆ. ನುಂಗಲು ಕಷ್ಟವಿರುವವರಿಗೆ ಇದು ಬೇಡ. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಶುರುಮಾಡಬಾರದು.

ನಂತರದ ಮೆಟ್ಟಿಲು ಕರುಳಿಗೆ ನೀರೆಳೆಯುವ ಔಷಧಿಗಳು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ದಿನಕ್ಕೆ 17 ಗ್ರಾಂ, ಒಂದು ಲೋಟ ನೀರಲ್ಲಿ. ಫಲ ಕಾಣಲು ಒಂದರಿಂದ ಮೂರು ದಿನ ಬೇಕು. ಲ್ಯಾಕ್ಟುಲೋಸ್ ಸಿರಪ್ ಆದರೆ ದಿನಕ್ಕೆ 15ರಿಂದ 30 ಮಿ.ಲೀ.; ಗ್ಯಾಸ್ ಹೆಚ್ಚು.

ಚೂರ್ಣಗಳ ಕತೆ ಬೇರೆ. ಅವುಗಳಲ್ಲಿ ಬಹುಪಾಲಿನ ಶಕ್ತಿ ಸೋನಾಮುಖಿ ಎಲೆಯದು. ಬೈಸಾಕೋಡಿಲ್ ಮಾತ್ರೆಯಂತೆ ಇದೂ ಕರುಳನ್ನು ಕೆರಳಿಸಿ ಹಿಂಡಿಸುತ್ತದೆ. ರಾತ್ರಿ ತೆಗೆದುಕೊಂಡರೆ ಬೆಳಗ್ಗೆ ಪೂರ್ತಿ ಖಾಲಿ. ಖಾಲಿಯಾದ ಕರುಳು ಮತ್ತೆ ತುಂಬಲು ಎರಡು ಮೂರು ದಿನ ಬೇಕೆಂಬುದು ನೆನಪಿರುವುದಿಲ್ಲ. ಮರುದಿನ ಆಗಲಿಲ್ಲವೆಂದು ಮತ್ತೊಂದು ಚಮಚ. ಚಕ್ರ ಸುತ್ತುವುದು ಹೀಗೆ. ಅಪರೂಪಕ್ಕೆ ಸರಿ, ದಿನಚರಿಗೆ ಬೇಡ. ಗರ್ಭಿಣಿಯರು ಹರಳೆಣ್ಣೆ ಮುಟ್ಟಬಾರದು.

ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಒಮ್ಮೆ ನೋಡಿ. ಕಬ್ಬಿಣಾಂಶ, ಕ್ಯಾಲ್ಸಿಯಂ, ನೋವಿನ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಖಿನ್ನತೆಗೂ ನರನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ರಕ್ತದೊತ್ತಡದ ವೆರಾಪಮಿಲ್ ಇವೆಲ್ಲ ಮಲ ಕಟ್ಟಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಬದಲಿ ಇದೆಯೇ ಕೇಳಿ. ಥೈರಾಯ್ಡ್ ಕಡಿಮೆಯಿದ್ದರೂ ಹೀಗಾಗುತ್ತದೆ, ರಕ್ತಪರೀಕ್ಷೆ ಸಾಕು.

ಗಟ್ಟಿ ಮಲದಿಂದ ಗುದದಲ್ಲಿ ಬಿರುಕಾಗಿ ಉರಿಯುತ್ತಿದ್ದರೆ, ಬೆಚ್ಚಗಿನ ನೀರಿನ ಟಬ್ಬಿನಲ್ಲಿ 10ರಿಂದ 15 ನಿಮಿಷ, ದಿನಕ್ಕೆ ಎರಡು ಮೂರು ಸಲ ಕೂರಿ. ಉಪ್ಪು, ಡೆಟಾಲ್ ಯಾವುದೂ ಬೇಡ. ನೋವಿಗೆ ಹೆದರಿ ತಡೆದರೆ ಬಿರುಕು ಮಾಯುವುದಿಲ್ಲ.

ಹಾಸಿಗೆ ಹಿಡಿದ ಹಿರಿಯರಿಗೆ ಹಲವು ದಿನ ಆಗದೆ, ಇದ್ದಕ್ಕಿದ್ದಂತೆ ನೀರು ನೀರಾಗಿ ಒಸರತೊಡಗಿದರೆ ಭೇದಿಯೆಂದು ಔಷಧಿ ಕೊಡಬೇಡಿ. ಒಳಗೆ ಗಟ್ಟಿಯಾಗಿ ಕೂತ ಮಲದ ಪಕ್ಕದಿಂದ ಸೋರುತ್ತಿರಬಹುದು. ಆಗ ನಾರೂ ಕೂಡದು. ವೈದ್ಯರೋ ನರ್ಸೋ ನೋಡಬೇಕು. ಮನೆಯಲ್ಲೇ ಸೋಪುನೀರಿನ ಎನಿಮಾ ಕೊಡಬೇಡಿ, ಅದು ಕರುಳನ್ನು ಸುಡಬಹುದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 45 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ ಇದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಏನನ್ನೂ ನುಂಗದೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.