ಗಾಲ್ಫ್ ಐರನ್ ಕೊಳ್ಳುವ ಮುಂಚೆ ಬಳ್ಳಾರಿಯಲ್ಲೇ ಮುಗಿಸಬಹುದಾದ ಕೆಲಸ

ಬಳ್ಳಾರಿಯಿಂದ ಗಾಲ್ಫ್ ಸೆಟ್ ಕೊಳ್ಳಲು ಬೆಂಗಳೂರಿಗೆ ಹೋಗುವವರು 300 ಕಿಲೋಮೀಟರ್ ಪ್ರಯಾಣ ಮಾಡಿ, ಅರ್ಧ ಗಂಟೆಯಲ್ಲಿ ಹೊಳೆಯುವ ಸೆಟ್ಟಿಗೆ ದುಡ್ಡು ಕೊಟ್ಟು ಬಂದುಬಿಡುತ್ತಾರೆ. ಆರಿಸುವ ಕೆಲಸದ ದೊಡ್ಡ ಪಾಲು ಊರಲ್ಲೇ ಮುಗಿಯುತ್ತದೆ. ಐರನ್ ಅಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್, ಚೆಂಡು ಹೊಡೆಯುವ ದಾಂಡು. ಒಂದು ಹಳೇ 7 ನಂಬರಿನ ಐರನ್ ಇದ್ದರೆ ಸಾಕು. ಗೆಳೆಯರದ್ದಾದರೂ ನಡೆಯುತ್ತದೆ.

ಮೊದಲು, ಚೆಂಡು ಎಲ್ಲಿ ತಾಗುತ್ತಿದೆ ಅಂತ ನೋಡಿ. ಕ್ಲಬ್ಬಿನ ಮುಖ ಒರೆಸಿ, ವೈಟ್‌ಬೋರ್ಡ್ ಮಾರ್ಕರಿನಿಂದ ತುಂಬ ಬಣ್ಣ ಬಳಿಯಿರಿ. ಒಂದು ಹತ್ತು ಚೆಂಡು ಹೊಡೆಯಿರಿ. ತಾಗಿದ ಕಡೆ ಬಣ್ಣ ಅಳಿಸಿ ದುಂಡಗೆ ಗುರುತು ಬೀಳುತ್ತದೆ. ಗುರುತುಗಳು ನಡುವೆ ಒಂದರ ಮೇಲೊಂದು ಬಿದ್ದಿದ್ದರೆ ಹಿಂಭಾಗದಲ್ಲಿ ಪೂರ್ತಿ ಲೋಹವಿರುವ ತೆಳ್ಳನೆಯ ಬ್ಲೇಡ್ ಐರನ್ ಬಗ್ಗೆ ಯೋಚಿಸಬಹುದು. ಮುಖದ ಹೊರತುದಿಯಿಂದ ಕೋಲು ಸೇರುವ ಬುಡದವರೆಗೆ ಚೆಲ್ಲಾಡಿದ್ದರೆ ಕ್ಯಾವಿಟಿ ಬ್ಯಾಕ್ ತಗೊಳ್ಳಿ. ವಾರಕ್ಕೊಮ್ಮೆ ಆಡುವ ನಮ್ಮಂಥವರಲ್ಲಿ ಬಹಳಷ್ಟು ಜನರ ಗುರುತು ಚೆಲ್ಲಾಡಿಯೇ ಇರುತ್ತದೆ, ನಾಚಿಕೆಪಡುವಂಥದ್ದೇನಿಲ್ಲ.

ಕ್ಯಾವಿಟಿ ಬ್ಯಾಕ್‌ನಲ್ಲಿ ಹಿಂಭಾಗದ ನಡುವಿನ ಲೋಹ ತೆಗೆದು, ತೂಕವನ್ನು ಅಂಚುಗಳಿಗೆ ಹಂಚಿರುತ್ತಾರೆ. ಚೆಂಡು ಪಕ್ಕಕ್ಕೆ ತಾಗಿದರೂ ತಲೆ ಜಾಸ್ತಿ ತಿರುಗುವುದಿಲ್ಲ, ದೂರವೂ ಅಷ್ಟಾಗಿ ಕಮ್ಮಿಯಾಗುವುದಿಲ್ಲ. ಇಂಥ ಐರನ್ ಜನಪ್ರಿಯವಾಗಲು ದೊಡ್ಡ ಕಾರಣ ಪಿಂಗ್ ಕಂಪನಿ ಕಟ್ಟಿದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್.

ಇನ್ನು ಬಡಿದು ಮಾಡಿದ್ದೋ, ಎರಕ ಹೊಯ್ದದ್ದೋ ಎಂಬ ವಾದ. ಕಬ್ಬಿಣದ ಜಿಲ್ಲೆಯವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಬಡಿದದ್ದಕ್ಕೆ ಬೆಲೆ ಜಾಸ್ತಿ. ಕೈಗೆ ಹಿತವಾಗಿರುತ್ತದೆ ಅಂತಾರೆ, ನನಗೇನೋ ಹಿತ ಅನ್ನೋದು ಚೆಂಡು ನಡುವೆ ತಾಗಿತಾ ಅನ್ನೋದರ ಮೇಲೇ ನಿಂತಿದೆ ಅನಿಸುತ್ತದೆ. ಬಡಿದದ್ದು ಮೆತ್ತಗಿನ ಉಕ್ಕಾದ್ದರಿಂದ, ಕ್ಲಬ್ಬಿನ ಕೋಲು ನೆಲಕ್ಕೆ ನಿಲ್ಲುವ ಕೋನ ಸರಿಮಾಡಲು ಬಗ್ಗಿಸುವುದು ಸುಲಭ, ಅದು ನಿಜವಾದ ಲಾಭ.

ಎರಡನೆಯದು, ಆ ಕೋನವೇ. ಚೆಂಡಿನ ಮೇಲೆ ಮಾರ್ಕರಿನಿಂದ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಮುಖದ ಕಡೆ ಇರುವಂತೆ ಇಟ್ಟು ಹೊಡೆಯಿರಿ. ಮುಖದ ಮೇಲೆ ಅಚ್ಚಾದ ಗೆರೆಯೂ ನೆಟ್ಟಗಿದ್ದರೆ ಸರಿ. ಅದರ ಮೇಲ್ತುದಿ ಕ್ಲಬ್ಬಿನ ತುದಿ ಕಡೆ ವಾಲಿದ್ದರೆ ಕೋನ ಜಾಸ್ತಿಯಾಯಿತು, ಬಲಗೈ ಆಟಗಾರರ ಚೆಂಡು ಎಡಕ್ಕೆ ಹೋಗುತ್ತದೆ. ಬುಡದ ಕಡೆ ವಾಲಿದ್ದರೆ ಉಲ್ಟಾ. ಜೊತೆಗೆ ಶೂ ಹಾಕಿಕೊಂಡು ನೆಟ್ಟಗೆ ನಿಂತು, ಮಣಿಕಟ್ಟಿನಿಂದ ನೆಲದವರೆಗಿನ ಅಳತೆ ಬರೆದಿಟ್ಟುಕೊಳ್ಳಿ. ಕ್ಲಬ್ಬಿನ ಉದ್ದ ಗೊತ್ತುಮಾಡುವಾಗ ಬರೀ ಎತ್ತರ ಸಾಲದು.

ಆಮೇಲೆ ನೆಲ. ನಮ್ಮ ಮಸಾರಿ ನೆಲ ಬೇಸಿಗೆಯಲ್ಲಿ ಗಟ್ಟಿ, ಎರೆ ಹೊಲವಂತೂ ಬಿರುಕು ಬಿಟ್ಟಿರುತ್ತದೆ. ಅಗಲ ತಳದ ಐರನ್ ಇಂಥ ಕಡೆ ನೆಲಕ್ಕೆ ಬಡಿದು ಪುಟಿದು, ಅದರ ಅಂಚು ಚೆಂಡಿನ ಹೊಟ್ಟೆಗೇ ತಾಗುತ್ತದೆ. ಅದೇ ಐರನ್ ಬೆಂಗಳೂರಿನ ಮೆತ್ತನೆಯ ಹುಲ್ಲಿನಲ್ಲಿ ನೆಲಕ್ಕೆ ಹೂತುಹೋಗದೆ ಕಾಪಾಡುತ್ತದೆ. ಹಾಗಾಗಿ ಅಭ್ಯಾಸ ಇಲ್ಲಿ, ಪಂದ್ಯ ಅಲ್ಲಿ ಅನ್ನುವವರು ಆಡುವ ಕೋರ್ಸ್ ನೋಡಿಯೇ ತಳ ಆರಿಸಿ. ಕಲ್ಲು ಮಣ್ಣಿನ ಅಭ್ಯಾಸಕ್ಕೆ ಹಳೇ ಕ್ಲಬ್ಬೇ ಇರಲಿ. ಮ್ಯಾಟ್ ಮೇಲಿನ ಹೊಡೆತ ನಂಬಬೇಡಿ. ಚೆಂಡಿನ ಹಿಂದೆ ನೆಲಕ್ಕೆ ಬಡಿದರೂ ಕ್ಲಬ್ ಜಾರಿ ಹೊಡೆತ ಚೆನ್ನಾಗೇ ಕಾಣುತ್ತದೆ.

ಅಂಗಡಿಗೆ ಹೋದಾಗ ಕ್ಲಬ್ಬಿನ ಮೇಲೆ ಕೆತ್ತಿರುವ ಅಂಕಿ ನೋಡಿ ಮರುಳಾಗಬೇಡಿ, ಲಾಫ್ಟ್, ಅಂದರೆ ಮುಖ ಹಿಂದಕ್ಕೆ ಬಾಗಿರುವ ಕೋನ, ಎಷ್ಟು ಡಿಗ್ರಿ ಕೇಳಿ. ಅದು ಕಮ್ಮಿಯಿದ್ದಷ್ಟೂ ಚೆಂಡು ದೂರ ಹೋಗುತ್ತದೆ. ಬ್ಲೇಡ್ ಸೆಟ್ಟಿನ 7 ಐರನ್ ಸುಮಾರು 34 ಡಿಗ್ರಿ ಇದ್ದರೆ, ದೂರದ ಹೆಸರಲ್ಲಿ ಮಾರುವ ಸೆಟ್ಟಿನದು 28-29 ಇರುತ್ತದೆ. ಹತ್ತು ಗಜ ಜಾಸ್ತಿ ಹೋಯಿತು ಅಂತ ಖುಷಿಪಡುವುದರಲ್ಲಿ ಅರ್ಥವಿಲ್ಲ, ಅಲ್ವಾ? ಅಂಥ ಸೆಟ್ಟಿನ ಪಿಚಿಂಗ್ ವೆಜ್ (ಹತ್ತಿರದ ಹೊಡೆತದ ಕ್ಲಬ್) 43-44 ಡಿಗ್ರಿ ಇರುವುದರಿಂದ, ಅದರ ಮತ್ತು ಅದಕ್ಕಿಂತ ಬಹಳ ಲಾಫ್ಟ್ ಇರುವ ಸ್ಯಾಂಡ್ ವೆಜ್ ನಡುವೆ ಇನ್ನೊಂದು ವೆಜ್ ಕೊಳ್ಳಬೇಕಾಗುತ್ತದೆ. ಚೀಲದಲ್ಲಿ ಇರಬಹುದಾದದ್ದು 14 ಕ್ಲಬ್ ಮಾತ್ರ. 3, 4 ಐರನ್ ಎರಡನ್ನೂ ಬಿಟ್ಟು, ದಪ್ಪ ತಲೆಯ ಒಂದೇ ಹೈಬ್ರಿಡ್ ಕ್ಲಬ್ ಇಟ್ಟುಕೊಂಡರೆ ಜಾಗ ಸಿಗುತ್ತದೆ.

ಶಾಫ್ಟ್, ಅಂದರೆ ಕ್ಲಬ್ಬಿನ ಕೋಲನ್ನು, ಹೊಡೆದು ನೋಡಿಯೇ ತೀರ್ಮಾನಿಸಿ. ನಿಧಾನ ಬೀಸುವವರಿಗೆ, ಮೊಣಕೈ ನೋವಿರುವವರಿಗೆ ಹಗುರ ಗ್ರಾಫೈಟ್. ಜೋರಾಗಿ ಬೀಸುವವರಿಗೆ ಸ್ಟೀಲ್. ಕೈ ಬೆವರುವವರು ನೂಲು ಬೆರೆಸಿದ ಕಾರ್ಡ್ ಗ್ರಿಪ್ (ಹಿಡಿ) ಕೇಳಿ.

ಸೆಕೆಂಡ್ ಹ್ಯಾಂಡ್ ಆದರೆ ಮುಖದ ಗೆರೆಗಳ ಮೇಲೆ ಉಗುರು ಆಡಿಸಿ ನೋಡಿ. ಎಲ್ಲೂ ತಡೆಯದೆ ಜಾರಿದರೆ ಸವೆದಿವೆ ಅಂತ ಅರ್ಥ. ಮನೆಗೆ ತಂದ ಮೇಲೆ ಏಪ್ರಿಲ್, ಮೇ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ತಲೆಯನ್ನು ಶಾಫ್ಟಿಗೆ ಹಿಡಿದಿಡುವುದು ಎಪಾಕ್ಸಿ ಅಂಟು. ಕಾವು ಏರಿದರೆ ಅದು ಸಡಿಲವಾಗುತ್ತದೆ.