ಪಕ್ಕದ ಗಿಡವೂ ಲೆಕ್ಕಕ್ಕೆ ಬರಬೇಕು: ಮೆಕ್ಕೆಜೋಳದ ಹೊಲವನ್ನು ಕೋಡ್‌ನಲ್ಲಿ ಮೂಡಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿರುವ ನನಗೆ ಸಂಖ್ಯಾಶಾಸ್ತ್ರ ಒಂದು ಐಚ್ಛಿಕ ವಿಷಯ. ಅದರ ಜೊತೆಗೆ, ಕೋಡ್ ಬರೆದು ಚಿತ್ರ ಮೂಡಿಸುವುದನ್ನು ಪಿ5 ಜೆಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಕಲಿಯುತ್ತಿದ್ದೇನೆ. ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಆರಂಭಿಸಿದ, ಕೋಡ್‌ನಿಂದ ಚಿತ್ರ ಮೂಡಿಸುವ ಪ್ರೊಸೆಸಿಂಗ್ ಎಂಬ ತಂತ್ರಾಂಶದ ಹಾದಿಯಲ್ಲೇ ಬಂದ ಇದು ಬ್ರೌಸರ್‌ನಲ್ಲಿ ನಡೆಯುವುದರಿಂದ ಹಳೆಯ ಕಂಪ್ಯೂಟರ್ ಇದ್ದರೂ ಸಾಕು. ಏನನ್ನು ಬರೆಯಬೇಕೆಂದು ನಾನು ಹೆಚ್ಚು ಯೋಚಿಸಲಿಲ್ಲ. ಜಗಳೂರು ಕಡೆಯಲ್ಲಿರುವ ನಮ್ಮ ದೊಡ್ಡಪ್ಪನ ಮಳೆಯಾಶ್ರಿತ ಮೆಕ್ಕೆಜೋಳದ ಹೊಲವನ್ನೇ ಆರಿಸಿಕೊಂಡೆ.

ಸೂಲಂಗಿ, ಅಂದರೆ ತುದಿಯ ಗಂಡು ಹೂಗೊಂಚಲು, ಬಿಟ್ಟ ಮೇಲೆ ಮೆಕ್ಕೆಜೋಳದ ಗಿಡ ಎತ್ತರಕ್ಕೆ ಬೆಳೆಯುವುದು ಬಹುಮಟ್ಟಿಗೆ ನಿಲ್ಲುವುದರಿಂದ, ಆ ಹಂತ ಬರುವವರೆಗೆ ಕಾದು, ನೆಲದಿಂದ ಸೂಲಂಗಿಯ ಬುಡದವರೆಗೆ ಟೇಪು ಹಿಡಿದು ಅಳೆದೆ. ಸಾಲಿನಲ್ಲಿ ಗಿಡಗಳು ನಿಂತಿರುವ ಕ್ರಮವನ್ನು ಬಿಡದೆ ಅಳತೆಗಳನ್ನು ಬರೆದುಕೊಂಡೆ. ಈ ಕ್ರಮವೇ ಮುಂದೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿತು.

ಪಿ5ನಲ್ಲಿ 'ರ್‍ಯಾಂಡಮ್' ಎಂಬ ಆಜ್ಞೆಗೆ 150 ಮತ್ತು 210 ಎಂಬ ಮಿತಿಗಳನ್ನು ಕೊಟ್ಟರೆ, ಅವುಗಳ ನಡುವಿನ ಯಾವ ಎತ್ತರವಾದರೂ ಸಮಾನ ಸಂಭವದಿಂದ ಬರುತ್ತದೆ. ಸರಾಸರಿ 180, ಮಾನಕ ವಿಚಲನೆ (ಬೆಲೆಗಳು ಸರಾಸರಿಯಿಂದ ಎಷ್ಟು ಚದರಿವೆ ಎಂಬುದರ ಅಳತೆ) ಸುಮಾರು 17. 'ರ್‍ಯಾಂಡಮ್ ಗಾಸಿಯನ್' ಎಂಬ ಇನ್ನೊಂದು ಆಜ್ಞೆಗೆ ಇದೇ 180 ಮತ್ತು 17ನ್ನು ಕೊಟ್ಟರೆ ಬೆಲೆಗಳು ಗಂಟೆಯಾಕಾರದ ರೇಖೆಗೆ ಹೊಂದುತ್ತವೆ: ಸುಮಾರು 68 ಶೇಕಡಾ ಗಿಡಗಳು 163ರಿಂದ 197 ಸೆಂಟಿಮೀಟರ್ ಒಳಗೆ ಬರುತ್ತವೆ, ತೀರಾ ಕುಳ್ಳಗಿನವೂ ತೀರಾ ಎತ್ತರದವೂ ಅಪರೂಪವಾಗುತ್ತವೆ. ಪಠ್ಯಪುಸ್ತಕ ಓದಿದವರಿಗೆ ಎರಡನೆಯದೇ ಸಹಜವೆನಿಸಬೇಕು. ಆದರೆ ಪರದೆಯ ಮೇಲೆ ಎರಡೂ ಹೊಲಗಳು ಒಂದೇ ಬಗೆಯಾಗಿ, ಅಂಚು ಹರಿದ ಬಟ್ಟೆಯಂತೆ ಕಂಡವು.

ಕಾರಣ ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿದೆ. ಹೊಲದಲ್ಲಿ ಅಳೆದ ಎತ್ತರಗಳನ್ನು ಗಿಡಗಳು ನಿಂತ ಕ್ರಮದಲ್ಲೇ ಒಂದು ಚಿತ್ರವಾಗಿ ಬಿಡಿಸಿದೆ. ಅದರ ಕೆಳಗೆ ಅವೇ ಎತ್ತರಗಳನ್ನು 'ಶಫಲ್' ಆಜ್ಞೆಯಿಂದ ಕಲಸಿ ಇನ್ನೊಂದನ್ನು ಬಿಡಿಸಿದೆ. ಎರಡರಲ್ಲಿಯೂ ಇರುವುದು ಅವೇ ಗಿಡಗಳಾದ್ದರಿಂದ ಸರಾಸರಿಯಾಗಲಿ, ಮಾನಕ ವಿಚಲನೆಯಾಗಲಿ, ಯಾವ ಎತ್ತರದ ಗಿಡಗಳು ಎಷ್ಟಿವೆ ಎಂಬ ಆವೃತ್ತಿ ವಿತರಣೆಯಾಗಲಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಹಾಗಿದ್ದರೂ ಮೇಲಿನದು ಹೊಲ. ಕೆಳಗಿನದು ಬರಿಯ ಗೀರುಗಳ ರಾಶಿ. ಪ್ರತಿ ಗಿಡದ ಎತ್ತರಕ್ಕೂ ಅದರ ಮುಂದಿನ ಗಿಡದ ಎತ್ತರಕ್ಕೂ ಇರುವ ಸಹಸಂಬಂಧವನ್ನು (ಒಂದು ಹೆಚ್ಚಿದಲ್ಲಿ ಇನ್ನೊಂದೂ ಎಷ್ಟರ ಮಟ್ಟಿಗೆ ಹೆಚ್ಚುತ್ತದೆ ಎಂಬುದರ ಅಳತೆ) ಲೆಕ್ಕ ಹಾಕಿದಾಗ, ಮೇಲಿನ ಸಾಲಿನಲ್ಲಿ ಅದು ಸ್ಪಷ್ಟವಾಗಿ ಧನಾತ್ಮಕವಾಗಿತ್ತು; ಕಲಸಿದ ಸಾಲಿನಲ್ಲಿ ಸೊನ್ನೆಯ ಹತ್ತಿರವಿತ್ತು. ದೊಡ್ಡಪ್ಪನಿಗೆ ತೋರಿಸಿದಾಗ ಅವರು, "ತಗ್ಗಿನಾಗೆ ತೇವ ಆರಲ್ಲ, ಅಲ್ಲಿ ಬೆಳೆ ಎದ್ದು ಬರ್ತತಿ, ಬೇವಿನ ಮರದ ಬುಡದಾಗೆ ಹಂಗಲ್ಲ, ನೆರಳು ಬಿದ್ದಷ್ಟು ದೂರನೂ ಕುಳ್ಳಗೇ ಇರ್ತತಿ" ಎಂದರು. ಮಣ್ಣು, ತೇವ, ನೆರಳು ಇವು ಒಂದೊಂದು ಗಿಡಕ್ಕೆ ಬೇರೆ ಬೇರೆಯಾಗಿ ಹಂಚಿಕೆಯಾಗುವುದಿಲ್ಲ. ಅಕ್ಕಪಕ್ಕದವು ಒಂದೇ ಭಾಗ್ಯವನ್ನು ಉಣ್ಣುತ್ತವೆ. ನಮ್ಮ ಪಠ್ಯದ ಹೆಚ್ಚಿನ ಲೆಕ್ಕಗಳು ಒಂದು ಬೆಲೆಗೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂಬ ಊಹೆಯ ಮೇಲೆ ನಿಂತಿವೆ. ಹೊಲಕ್ಕೆ ಆ ಊಹೆ ಸಲ್ಲುವುದಿಲ್ಲ.

ಈ ನೆರೆಹೊರೆಯ ಸಂಬಂಧವನ್ನು ಕೋಡಿಗೆ ತರುವ ಸಾಧನ ಪಿ5ನಲ್ಲಿಯೇ ಇದೆ. ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನೋಟದಿಂದ ಬೇಸತ್ತ ಕಂಪ್ಯೂಟರ್ ವಿಜ್ಞಾನಿ ಕೆನ್ ಪರ್ಲಿನ್ 1980ರ ದಶಕದಲ್ಲಿ ರೂಪಿಸಿದ, ಮುಂದೆ 1997ರಲ್ಲಿ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯನ್ನು ತಂದ ವಿಧಾನ ಅದು. ಆಜ್ಞೆಯ ಹೆಸರು 'ನಾಯ್ಸ್'. ಹತ್ತಿರದ ಎರಡು ಬಿಂದುಗಳನ್ನು ಕೊಟ್ಟರೆ ಅದು ಹತ್ತಿರದ ಎರಡು ಬೆಲೆಗಳನ್ನೇ ಕೊಡುತ್ತದೆ. ಗಿಡದಿಂದ ಗಿಡಕ್ಕೆ ಹೆಜ್ಜೆಯನ್ನು 0.02ರಷ್ಟು ಸಣ್ಣದಾಗಿಟ್ಟರೆ ಉಬ್ಬುತಗ್ಗುಗಳು ನಿಧಾನವಾಗಿ ಸಾಗುತ್ತವೆ. ಹೆಜ್ಜೆ 1ಕ್ಕೆ ಏರಿದರೆ ನೆರೆಯ ಸಂಬಂಧ ಕಡಿದುಹೋಗುತ್ತದೆ.

ಆದರೆ ಬರಿಯ ನಾಯ್ಸ್ ಬಳಸಿದರೆ ಬೆಳೆಯ ತಲೆ ಕತ್ತರಿ ಹಾಕಿದಂತೆ ನುಣುಪಾಗುತ್ತದೆ. ನಿಜವಾದ ಹೊಲ ಹಾಗಿರುವುದಿಲ್ಲ, ಏಕೆಂದರೆ ಪ್ರತಿ ಗಿಡಕ್ಕೂ ತನ್ನದೇ ಆದ ಬೀಜವಿದೆ, ಬಿತ್ತನೆಯ ಆಳವಿದೆ. ಆದ್ದರಿಂದ ಎತ್ತರವನ್ನು ಮೂರು ಭಾಗಗಳ ಮೊತ್ತವಾಗಿ ಬರೆದೆ: ಸರಾಸರಿ 180, ಜಾಗದಿಂದ ಬರುವ ವ್ಯತ್ಯಾಸ, ಗಿಡದ ಸ್ವಂತ ವ್ಯತ್ಯಾಸ. ಪರಸ್ಪರ ಸಂಬಂಧವಿಲ್ಲದ ಎರಡು ವ್ಯತ್ಯಾಸಗಳನ್ನು ಕೂಡಿಸುವಾಗ ಮಾನಕ ವಿಚಲನೆಗಳನ್ನಲ್ಲ, ಅವುಗಳ ವರ್ಗಗಳನ್ನು ಕೂಡಿಸಬೇಕು. ಜಾಗದ ಪಾಲು 15, ಸ್ವಂತ ಪಾಲು 8 ಎಂದಿಟ್ಟರೆ 225 ಮತ್ತು 64 ಸೇರಿ 289. ಅದರ ವರ್ಗಮೂಲ 17. ಒಟ್ಟು ಚದರಿಕೆ ಮೊದಲಿನಷ್ಟೇ ಉಳಿಯಿತು, ಪಕ್ಕದ ಗಿಡಗಳ ಸಹಸಂಬಂಧ ಮಾತ್ರ 0.78ರ ಸಮೀಪಕ್ಕೆ ಬಂದಿತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸೂತ್ರವೊಂದು ಕಣ್ಣೆದುರು ಹೊಲವಾಗಿ ಎದ್ದು ನಿಂತದ್ದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ತೆನೆಯ ವಿಷಯ ಬೇರೆ. ಒಂದು ತೆನೆಯನ್ನು ಅಡ್ಡಲಾಗಿ ಮುರಿದು ಕಾಳಿನ ಸಾಲುಗಳನ್ನು ಎಣಿಸಿದರೆ 12, 14, 16 ಹೀಗೆ ಸಮಸಂಖ್ಯೆಯೇ ಸಿಗುತ್ತದೆ, ಏಕೆಂದರೆ ದಿಂಡಿನ ಮೇಲೆ ಹೂಗಳು ಜೋಡಿಜೋಡಿಯಾಗಿ ಮೂಡುತ್ತವೆ. ಇಲ್ಲಿ ಗಂಟೆಯಾಕಾರದ ರೇಖೆಯಿಂದ 13.4 ಎಂಬ ಬೆಲೆ ಬಂದರೆ ಅದಕ್ಕೆ ಅರ್ಥವಿಲ್ಲ. ಹಾಗಾಗಿ ಜೋಡಿಗಳ ಸಂಖ್ಯೆಯನ್ನು ಮೊದಲು 6, 7, 8ರಿಂದ ಆರಿಸಿ, 7ಕ್ಕೆ ಹೆಚ್ಚಿನ ತೂಕ ಕೊಟ್ಟು, ಬಳಿಕ ಎರಡರಿಂದ ಗುಣಿಸುತ್ತೇನೆ. ಕಾಳುಗಳ ಬಣ್ಣಕ್ಕೆ ಪುನಃ ನಾಯ್ಸ್ ಬಳಸುತ್ತೇನೆ. ಮೊಳಕೆಯೊಡೆಯದ ಬೀಜಗಳು ಬಿಟ್ಟ ಖಾಲಿ ಜಾಗಗಳು ಇನ್ನೂ ಚಿತ್ರಕ್ಕೆ ಬಂದಿಲ್ಲ. ಅವೂ ಹೊಲದಲ್ಲಿ ಗುಂಪುಗುಂಪಾಗಿಯೇ ಕಾಣುವುದರಿಂದ, ನಾಯ್ಸ್‌ನ ಬೆಲೆ ಒಂದು ಮಿತಿಗಿಂತ ಕೆಳಗಿಳಿದ ಕಡೆ ಗಿಡವನ್ನೇ ಬಿಡಿಸದಿರುವ ನಿಯಮವೊಂದನ್ನು ಈಗ ಬರೆಯುತ್ತಿದ್ದೇನೆ.