ಜರ್ನಲ್ ನಂಬಲರ್ಹವೇ? ಪ್ರಬಂಧ ಕಳಿಸುವ ಮೊದಲು ಹೀಗೆ ನೋಡಿ

‘ನಿಮ್ಮ ಅಮೂಲ್ಯ ಸಂಶೋಧನೆಯನ್ನು ನಮಗೆ ಕಳಿಸಿ, ಐದೇ ದಿನದಲ್ಲಿ ಪ್ರಕಟಿಸುತ್ತೇವೆ’ ಎಂಬ ಇಮೇಲ್ ಬಂದರೆ ಹಿಗ್ಗಬೇಡಿ. ವಿಷಯತಜ್ಞರು ಪ್ರಬಂಧ ಓದಿ ತಕರಾರು ಎತ್ತಬೇಕು, ನೀವು ಉತ್ತರಿಸಿ ತಿದ್ದಬೇಕು. ಇದಕ್ಕೆ ವಾರಗಳೇನು, ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತವೆ. ಐದು ದಿನದಲ್ಲಿ ಮುಗಿಯುವುದು ನಿಮ್ಮಿಂದ ಪ್ರಕಟಣೆಯ ಶುಲ್ಕ ವಸೂಲಿ ಮಾತ್ರ.

ಮೊದಲ ಕೆಲಸ, ಆ ಜರ್ನಲ್‌ನ ಈಚಿನ ನಾಲ್ಕೈದು ಪ್ರಬಂಧಗಳನ್ನು ಓದುವುದು. ವಿಚಿತ್ರವೆಂದರೆ ಹೆಚ್ಚಿನವರು ಬಿಡುವುದು ಇದನ್ನೇ. ಪ್ರಯೋಗ ಮಾಡಿದ ಬಗೆ ಸ್ಪಷ್ಟವಾಗಿದೆಯೇ? ತೀರ್ಮಾನಕ್ಕೆ ಅಂಕಿಅಂಶಗಳ ಆಧಾರವಿದೆಯೇ? 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಬೇಕೆಂದೇ ಎದ್ದುಕಾಣುವ ತಪ್ಪುಗಳನ್ನು ತುಂಬಿದ ಪ್ರಬಂಧವೊಂದನ್ನು 304 ಮುಕ್ತ ಪ್ರವೇಶದ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು! ಹಾಗೆಂದು ಶುಲ್ಕ ಕೇಳುವುದೇ ಮೋಸವಲ್ಲ. ಒಳ್ಳೆಯ ಜರ್ನಲ್‌ಗಳೂ ಕೇಳುತ್ತವೆ. ಆದರೆ ಮೊತ್ತವನ್ನು ಮೊದಲೇ ತಿಳಿಸುತ್ತವೆ.

ಮುಂದೆ ಸಂಪಾದಕ ಮಂಡಳಿ. ಇಬ್ಬರು ಮೂವರ ಹೆಸರು ಆರಿಸಿಕೊಂಡು ಅವರ ವಿಶ್ವವಿದ್ಯಾಲಯದ ಪುಟದಲ್ಲಿ ಹುಡುಕಿ. ಅನುಮಾನವಿದ್ದರೆ ಅವರಿಗೇ ಬರೆದು ಕೇಳಿ. ತಮ್ಮ ಹೆಸರು ಅಲ್ಲಿರುವುದು ಗೊತ್ತೇ ಇಲ್ಲದವರೂ ಸಿಗುತ್ತಾರೆ.

ಎಂಟು ಅಂಕಿಗಳ ಐಎಸ್‌ಎಸ್‌ಎನ್ ಇದೆಯೆಂದು ಮರುಳಾಗಬೇಡಿ. ಅದು ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ. ಸ್ಕೋಪಸ್ (ಸಂಶೋಧನಾ ಪ್ರಬಂಧಗಳ ಮಾಹಿತಿಕೋಶ), ಡಿಒಎಜೆ (ಮುಕ್ತ ಪ್ರವೇಶದ ಜರ್ನಲ್‌ಗಳ ಸೂಚಿ) ಪಟ್ಟಿಯಲ್ಲಿ ಇದ್ದೇವೆ ಎಂದು ಜರ್ನಲ್ ಹೇಳಿಕೊಂಡರೆ ಆಯಾ ಪಟ್ಟಿಯನ್ನೇ ತೆರೆದು ನೋಡಿ. ಹೆಸರಾಂತ ಜರ್ನಲ್‌ನ ಹೆಸರು ಕದ್ದು ನಡೆಸುವ ನಕಲಿ ಜಾಲತಾಣಗಳೂ ಇರುವುದರಿಂದ ವಿಳಾಸವನ್ನೂ ತಾಳೆ ಹಾಕಿ.

ಇಂಪ್ಯಾಕ್ಟ್ ಫ್ಯಾಕ್ಟರನ್ನು ಕೊನೆಗೆ ನೋಡಿದರೆ ಸಾಕು. ಹಿಂದಿನ ಎರಡು ವರ್ಷದ ಪ್ರಬಂಧಗಳಿಗೆ ಈ ವರ್ಷ ಬೇರೆ ಪ್ರಬಂಧಗಳಲ್ಲಿ ಸಿಕ್ಕ ಉಲ್ಲೇಖಗಳನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದ ಸರಾಸರಿ ಅದು. ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಜರ್ನಲ್‌ನ ಸರಾಸರಿ 2008ರಲ್ಲಿ ಸುಮಾರು 2 ಇತ್ತು, ಮರುವರ್ಷ 49 ದಾಟಿತು. ಸಾವಿರಾರು ಸಂಶೋಧಕರು ಉಲ್ಲೇಖಿಸಿದ ಒಂದೇ ಒಂದು ಪ್ರಬಂಧ ಅದಕ್ಕೆ ಕಾರಣ. ಅಕ್ಕಪಕ್ಕದ ಪ್ರಬಂಧಗಳು ರಾತ್ರೋರಾತ್ರಿ ಉತ್ತಮವೇನೂ ಆಗಿರಲಿಲ್ಲ.

ಇನ್ನು ತಪ್ಪಿನ ವಿಚಾರ. ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ 1998ರ ಪ್ರಬಂಧವನ್ನು ಪ್ರತಿಷ್ಠಿತ ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ ಪೂರ್ತಿ ಹಿಂಪಡೆದದ್ದು 2010ರಲ್ಲಿ. ತಡವಾಯಿತು, ನಿಜ, ಆದರೆ ಬಹಿರಂಗವಾಗಿ ಹಿಂಪಡೆಯಿತು. ನೀವು ಆರಿಸಿದ ಜರ್ನಲ್‌ನಲ್ಲೂ ತಿದ್ದುಪಡಿ, ಹಿಂಪಡೆತದ ಪ್ರಕಟಣೆಗಳನ್ನು ಹುಡುಕಿ, ಕಾರಣ ಬರೆದಿದ್ದಾರೆಯೇ ನೋಡಿ. ಪ್ರಬಂಧಗಳು ಸದ್ದಿಲ್ಲದೆ ಮಾಯವಾಗಿದ್ದರೆ ಬೇರೆ ಜರ್ನಲ್ ನೋಡಿಕೊಳ್ಳಿ.